ಇಮ್ಯುನೊಥೆರಪಿಗೆ ಅಡ್ಡಪರಿಣಾಮವೇ ಇಲ್ಲವೇ? ರೋಗಿ ಮತ್ತು ಮನೆಯವರು ಗಮನಿಸಬೇಕಾದ ಲಕ್ಷಣಗಳಿವು

‘ಕೂದಲು ಉದುರಲ್ಲ, ವಾಂತಿ ಆಗಲ್ಲ, ದೇಹದ ಸ್ವಂತ ಶಕ್ತಿಯೇ ಕ್ಯಾನ್ಸರನ್ನು ಕೊಲ್ಲುತ್ತೆ.’ ಇಮ್ಯುನೊಥೆರಪಿ ಬಗ್ಗೆ ಇಂಥ ಮಾತು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ ಮಾತ್ರ. ಕಿಮೊಥೆರಪಿಯಲ್ಲಿ ಆಗುವಷ್ಟು ವಾಂತಿ, ಕೂದಲು ಉದುರುವಿಕೆ ಇದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಇದರ ಅಡ್ಡಪರಿಣಾಮಗಳು ಬೇರೆ ಬಗೆಯವು. ಮಾಮೂಲಿ ಭೇದಿ, ಕೆಮ್ಮು, ಸುಸ್ತಿನಂತೆ ಕಾಣುವುದರಿಂದ ಜನ ನಿರ್ಲಕ್ಷಿಸುತ್ತಾರೆ. ಅಪಾಯ ಇರುವುದು ಅಲ್ಲೇ.

ಅಡ್ಡಪರಿಣಾಮ ಏಕೆ ಆಗುತ್ತದೆ?

ರೋಗನಿರೋಧಕ ಕಣಗಳು ನಮ್ಮದೇ ಅಂಗಗಳ ಮೇಲೆ ದಾಳಿ ಮಾಡದಂತೆ ತಡೆಯಲು ದೇಹದಲ್ಲಿ ಬ್ರೇಕ್ ಇದ್ದಂತೆ ಒಂದು ವ್ಯವಸ್ಥೆ ಇದೆ. ಕ್ಯಾನ್ಸರ್ ಕಣಗಳು ಅದನ್ನೇ ಬಳಸಿಕೊಂಡು ತಪ್ಪಿಸಿಕೊಳ್ಳುತ್ತವೆ. ಇಪಿಲಿಮುಮ್ಯಾಬ್, ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್‌ನಂಥ ಔಷಧಗಳು ಈ ಬ್ರೇಕನ್ನು ಸಡಿಲಿಸುತ್ತವೆ. ಈ ಚಿಕಿತ್ಸೆಗೆ ದಾರಿ ಮಾಡಿದ ಸಂಶೋಧನೆಗೆ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಹುಮಾನ ಬಂತು. ಆದರೆ ಬ್ರೇಕ್ ಸಡಿಲವಾದಾಗ ಕರುಳು, ಶ್ವಾಸಕೋಶ, ಯಕೃತ್ತು, ಥೈರಾಯ್ಡ್, ಚರ್ಮ, ಅಪರೂಪಕ್ಕೆ ಹೃದಯದ ಮೇಲೂ ದಾಳಿ ನಡೆಯಬಹುದು.

ಯಾವಾಗ ಕಾಣಿಸಿಕೊಳ್ಳುತ್ತದೆ?

ಹೆಚ್ಚಿನವು ಮೊದಲ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಕಾಣಿಸುತ್ತವೆ. ಆದರೆ ಕೊನೆಯ ಡೋಸ್ ಮುಗಿದು ತಿಂಗಳುಗಳಾದ ಮೇಲೂ ಬರಬಹುದು. ‘ಚಿಕಿತ್ಸೆ ಮುಗಿಯಿತಲ್ಲ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ’ ಎಂದುಕೊಳ್ಳಬೇಡಿ.

ಆಸ್ಪತ್ರೆಯಲ್ಲಿ ಏನು ನೋಡುತ್ತಾರೆ?

ಚಿಕಿತ್ಸೆಗೆ ಮುಂಚೆ ಮತ್ತು ನಡುನಡುವೆ ರಕ್ತ ಪರೀಕ್ಷೆ ಮಾಡಿ ಯಕೃತ್ತು, ಮೂತ್ರಪಿಂಡ, ಥೈರಾಯ್ಡ್, ಸಕ್ಕರೆ ಅಂಶಗಳನ್ನು ನೋಡುತ್ತಾರೆ. ಯಾವ ತೊಂದರೆಯೂ ಕಾಣದಿದ್ದಾಗಲೇ ಯಕೃತ್ತು ಅಥವಾ ಥೈರಾಯ್ಡ್‌ನ ಏರುಪೇರು ಇಲ್ಲಿ ಸಿಗಬಹುದು. ಹಾಗಾಗಿ ‘ಆರಾಮಾಗೇ ಇದ್ದೀನಿ’ ಎಂದು ಪರೀಕ್ಷೆ ತಪ್ಪಿಸುವುದು ಸರಿಯಲ್ಲ.

ಮನೆಯಲ್ಲಿ ಏನು ಗಮನಿಸಬೇಕು?

ಎರಡು ಡೋಸ್‌ಗಳ ನಡುವೆ ಹಲವು ವಾರಗಳ ಅಂತರ ಇರುತ್ತದೆ. ಆ ದಿನಗಳಲ್ಲಿ ರೋಗಿಯನ್ನು ನೋಡುವವರು ಮನೆಯವರೇ. ಈ ಲಕ್ಷಣಗಳಿದ್ದರೆ ಮುಂದಿನ ಭೇಟಿವರೆಗೆ ಕಾಯದೆ ಕ್ಯಾನ್ಸರ್ ವೈದ್ಯರಿಗೆ ಫೋನ್ ಮಾಡಿ:

• ಭೇದಿ, ಮಲದಲ್ಲಿ ರಕ್ತ, ಹೊಟ್ಟೆನೋವು
• ಹೊಸದಾಗಿ ಶುರುವಾದ ಕೆಮ್ಮು
• ಕಣ್ಣು ಹಳದಿಯಾಗುವುದು, ಮೂತ್ರದ ಬಣ್ಣ ಗಾಢವಾಗುವುದು
• ವಿಪರೀತ ಸುಸ್ತು, ತಲೆನೋವು, ತಲೆಸುತ್ತು
• ಅತಿಯಾದ ಬಾಯಾರಿಕೆ, ಪದೇಪದೇ ಮೂತ್ರ
• ಮೈಮೇಲೆ ಗುಳ್ಳೆ, ದದ್ದು

ಎದೆನೋವು, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು ಕಂಡರೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ಮೆಡಿಕಲ್ ಶಾಪ್‌ನಿಂದ ಭೇದಿ ಮಾತ್ರೆ ತಂದು ಸುಮ್ಮನಾಗಬೇಡಿ. ಭೇದಿ ನಿಂತಂತೆ ಕಂಡರೂ ಕರುಳಿನ ಉರಿಯೂತ ಒಳಗೇ ಹೆಚ್ಚುತ್ತಿರಬಹುದು. ಯಾವ ವೈದ್ಯರ ಬಳಿ ಹೋದರೂ ‘ಇಮ್ಯುನೊಥೆರಪಿ ತಗೊಂಡಿದ್ದೇವೆ’ ಎಂದು ಹೇಳಿ, ಔಷಧದ ಹೆಸರಿರುವ ಚೀಟಿ ತೋರಿಸಿ. ‘ಕಿಮೊ’ ಎಂದಷ್ಟೇ ಹೇಳಿದರೆ ಚಿಕಿತ್ಸೆಯ ದಾರಿಯೇ ತಪ್ಪಬಹುದು.

ಹೇಳಿದರೆ ಚಿಕಿತ್ಸೆ ನಿಲ್ಲಿಸಿಬಿಡುತ್ತಾರಾ?

ಈ ಭಯದಿಂದ ಲಕ್ಷಣ ಮುಚ್ಚಿಡುವವರಿದ್ದಾರೆ. ತೊಂದರೆ ಸಣ್ಣದಿದ್ದರೆ ಸಾಮಾನ್ಯವಾಗಿ ನಿಗಾ ಇಟ್ಟು ಚಿಕಿತ್ಸೆ ಮುಂದುವರಿಸುತ್ತಾರೆ. ಮಧ್ಯಮ ಮಟ್ಟದ್ದಾದರೆ ಕೆಲ ಕಾಲ ತಡೆದು ಸ್ಟಿರಾಯ್ಡ್ ಕೊಡಬಹುದು; ಗುಣವಾದ ಮೇಲೆ ಅನೇಕರಿಗೆ ಮತ್ತೆ ಶುರು ಮಾಡುತ್ತಾರೆ. ತೀವ್ರವಾದಾಗ ಪೂರ್ತಿ ನಿಲ್ಲಿಸಬೇಕಾಗಬಹುದು. ಅಂದರೆ ಮುಚ್ಚಿಟ್ಟಷ್ಟೂ ಚಿಕಿತ್ಸೆ ಕೈತಪ್ಪುವ ಸಾಧ್ಯತೆ ಹೆಚ್ಚು. ಸ್ಟಿರಾಯ್ಡ್ ಅನ್ನು ವಾರಗಟ್ಟಲೆ ನಿಧಾನವಾಗಿ ಇಳಿಸಬೇಕು, ನೀವಾಗಿಯೇ ನಿಲ್ಲಿಸಬಾರದು. ಥೈರಾಯ್ಡ್ ಗ್ರಂಥಿಗೆ ಹಾನಿಯಾದರೆ ಜೀವನಪೂರ್ತಿ ಮಾತ್ರೆ ಬೇಕಾಗಬಹುದು.

ಲಕ್ಷಣ ಹೇಳಿಕೊಳ್ಳುವುದರ ಬೆಲೆ ಎಷ್ಟೆಂದು ಅಮೆರಿಕದ ಒಂದು ಅಧ್ಯಯನ ತೋರಿಸಿದೆ. 2017ರಲ್ಲಿ ಪ್ರಕಟವಾದ ಇದರಲ್ಲಿ 766 ಕ್ಯಾನ್ಸರ್ ರೋಗಿಗಳಿದ್ದರು. ಲಕ್ಷಣಗಳನ್ನು ಕಂಪ್ಯೂಟರ್ ಮೂಲಕ ನಿಯಮಿತವಾಗಿ ತಿಳಿಸುತ್ತಿದ್ದವರ ಬದುಕುಳಿವಿನ ಮಧ್ಯಮಾವಧಿ 31.2 ತಿಂಗಳು, ಉಳಿದವರದು 26 ತಿಂಗಳು. ಅವರು ಕಿಮೊಥೆರಪಿ ಪಡೆಯುತ್ತಿದ್ದವರು, ನಿಜ. ಆದರೂ ಬೇಗ ಹೇಳಿದರೆ ಬೇಗ ಚಿಕಿತ್ಸೆ ಸಿಗುತ್ತದೆ ಎಂಬ ಪಾಠ ಇಲ್ಲಿಗೂ ಹೊಂದುತ್ತದೆ.

ಕೊನೆಯದಾಗಿ

ಇಮ್ಯುನೊಥೆರಪಿ ಅನೇಕರ ಆಯುಷ್ಯ ಹೆಚ್ಚಿಸಿದೆ, ಅದಕ್ಕೆ ಹೆದರಬೇಕಿಲ್ಲ. ಆದರೆ ‘ಅಡ್ಡಪರಿಣಾಮವೇ ಇಲ್ಲ’ ಎಂಬ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ. ಅದನ್ನು ನಂಬಿದ ರೋಗಿ ಭೇದಿ, ಕೆಮ್ಮನ್ನು ಹೇಳದೆ ಉಳಿದುಬಿಡಬಹುದು. ಬದಲಿಗೆ, ಮೇಲಿನ ಲಕ್ಷಣಗಳ ಪಟ್ಟಿಯನ್ನು ಚಿಕಿತ್ಸೆಯಲ್ಲಿರುವವರ ಮನೆಗೆ ತಲುಪಿಸಿ ಎಂಬುದು ನಮ್ಮ ಕೋರಿಕೆ.