ಆಕೆಯ ಮಾತನ್ನು ಹೇಳುವವರು ಯಾರು?

ಕಾಡುಗೋಡಿಯ ಮೆಟ್ರೊ ನಿಲ್ದಾಣಕ್ಕೆ ಹೋದವರು ನೆಲದ ಮೇಲಿನ ಹಳದಿ ಬಣ್ಣದ ಉಬ್ಬುಹಾಸುಗಳನ್ನು ಗಮನಿಸಿರಬಹುದು. ದೃಷ್ಟಿಯಿಲ್ಲದವರು ಪಾದದ ಸ್ಪರ್ಶದಿಂದಲೇ ದಾರಿ ಕಂಡುಕೊಳ್ಳಲಿ ಎಂದು ಅವುಗಳನ್ನು ಹಾಕಿದ್ದಾರೆ. ಗಾಲಿಕುರ್ಚಿಯಲ್ಲಿ ಬರುವವರಿಗೆ ಲಿಫ್ಟ್ ಇದೆ. 2023ರ ಮಾರ್ಚ್‌ನಲ್ಲಿ ಕೃಷ್ಣರಾಜಪುರದಿಂದ ಇಲ್ಲಿಗೆ ರೈಲು ಸಂಚಾರ ಆರಂಭವಾದಾಗ, ಅಂಗವಿಕಲರೂ ಈ ನಗರದ ನಾಗರಿಕರೇ ಎಂಬ ಅರಿವು ಕಟ್ಟಡದ ರೂಪದಲ್ಲಾದರೂ ನಮ್ಮ ಊರಿಗೆ ಬಂದಿತಲ್ಲ ಎಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಇದೇ ಅರಿವು ಪೊಲೀಸ್ ಠಾಣೆಗೆ, ನ್ಯಾಯಾಲಯಕ್ಕೆ ಬಂದಿದೆಯೇ? ಬಂದಿಲ್ಲ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಬೀದಿಯ ಕೊನೆಯ ವಠಾರದಲ್ಲಿ ಒಬ್ಬ ಯುವತಿ ಇದ್ದಳು. ಹುಟ್ಟಿನಿಂದಲೇ ಕಿವಿ ಕೇಳದು, ಮಾತು ಬಾರದು. ಸಮೀಪದ ಅಪಾರ್ಟ್‌ಮೆಂಟ್ ಒಂದರಲ್ಲಿ ಕಸ ಗುಡಿಸುವ, ನೆಲ ಒರೆಸುವ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ಸಂಜೆ ಬಾತುಕೊಂಡ ಮುಂಗೈಯನ್ನು ಎದೆಗೆ ಅವುಚಿಕೊಂಡು ನಮ್ಮ ಮನೆಯ ಗೇಟಿನ ಬಳಿ ಬಂದು ನಿಂತಳು. ಹೊಡೆದವನು ಗಂಡ ಎಂಬುದನ್ನು ಆಕೆ ಕೈಸನ್ನೆಯಲ್ಲಿ ತಿಳಿಸಿದ ರೀತಿಯಲ್ಲಿ ಸಂದೇಹಕ್ಕೆ ಎಡೆಯಿರಲಿಲ್ಲ. ನಾನು ಮತ್ತು ನನ್ನ ಪತ್ನಿ ಆಕೆಯನ್ನು ಠಾಣೆಗೆ ಕರೆದೊಯ್ದೆವು. ಯಾವ ಠಾಣೆ ಎಂಬುದು ಇಲ್ಲಿ ಮುಖ್ಯವಲ್ಲ. ಯಾವ ಠಾಣೆಗೆ ಹೋಗಿದ್ದರೂ ಬಹುಶಃ ಹಾಗೆಯೇ ಆಗುತ್ತಿತ್ತು.

ಅಲ್ಲಿದ್ದ ಅಧಿಕಾರಿ ಒರಟಾಗಿ ವರ್ತಿಸಲಿಲ್ಲ. ಕುರ್ಚಿ ಕೊಟ್ಟರು, ನೀರು ತರಿಸಿದರು. ಅನಂತರ, ‘ಈಕೆ ಏನು ಹೇಳುತ್ತಾಳೆ ಎಂದು ನಮಗೆ ತಿಳಿಯುವುದಿಲ್ಲವಲ್ಲ ಸಾರ್, ಮನೆಯವರು ಯಾರಾದರೂ ಬರಲಿ’ ಎಂದರು. ಮನೆಯವರು ಬಂದರು. ಬಂದವನು ಗಂಡನೇ! ಹೆಂಡತಿ ಬಚ್ಚಲಿನಲ್ಲಿ ಜಾರಿ ಬಿದ್ದಳೆಂದೂ, ತಾನು ಬೈದದ್ದಕ್ಕೆ ಸಿಟ್ಟಾಗಿ ಹೊರಗೆ ಬಂದಿದ್ದಾಳೆಂದೂ ಆತ ಆಕೆಯ ಪರವಾಗಿ ಹೇಳಿದ. ನಾವು ಆಕ್ಷೇಪಿಸಿದ್ದಕ್ಕೆ, ‘ನೀವು ನೋಡಿದ್ದೀರಾ?’ ಎಂಬ ಪ್ರಶ್ನೆ ಬಂತು. ನಾವು ನೋಡಿರಲಿಲ್ಲ. ಇನ್ನು ಮುಂದೆ ಜಗಳವಾಡುವುದಿಲ್ಲ ಎಂದು ಗಂಡನಿಂದ ಮುಚ್ಚಳಿಕೆ ಬರೆಸಿಕೊಂಡು, ಹೆಂಡತಿಯ ಸಹಿಯನ್ನೂ ಪಡೆದು ಇಬ್ಬರನ್ನೂ ಮನೆಗೆ ಕಳಿಸಿದರು. ಆ ಕಾಗದದಲ್ಲಿ ಆಕೆ ಓದಬಲ್ಲವಳಾಗಿದ್ದುದು ತನ್ನ ಹೆಸರನ್ನು ಮಾತ್ರ. ಎರಡು ತಿಂಗಳ ನಂತರ ಆ ಸಂಸಾರ ಮನೆ ಖಾಲಿ ಮಾಡಿತು. ಕರ್ತವ್ಯ ಮುಗಿಯಿತೆಂದು ಭಾವಿಸಿ ನಾನು ಸುಮ್ಮನಿದ್ದೆ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಕಾನೂನು ಇಲ್ಲವೆಂದಲ್ಲ. ದೆಹಲಿಯ ಅತ್ಯಾಚಾರ ಪ್ರಕರಣದ ನಂತರ 2013ರಲ್ಲಿ ಆದ ತಿದ್ದುಪಡಿ ಅಂಗವಿಕಲ ಮಹಿಳೆಯ ದೂರನ್ನು ಹೇಗೆ ದಾಖಲಿಸಬೇಕೆಂದು ಸ್ಪಷ್ಟವಾಗಿ ಹೇಳಿತು. ಪೊಲೀಸರೇ ಆಕೆಯ ಮನೆಗೆ ಅಥವಾ ಆಕೆ ಬಯಸಿದ ಸ್ಥಳಕ್ಕೆ ಹೋಗಬೇಕು. ದುಭಾಷಿ ಅಥವಾ ವಿಶೇಷ ಶಿಕ್ಷಕರ ಸಮ್ಮುಖದಲ್ಲಿ ಹೇಳಿಕೆ ಪಡೆಯಬೇಕು. ಅದರ ವಿಡಿಯೊ ಚಿತ್ರೀಕರಣವಾಗಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಇದನ್ನು ಉಳಿಸಿಕೊಂಡಿದೆ. ಮಾತು ಬಾರದ ಸಾಕ್ಷಿ ನ್ಯಾಯಾಲಯದಲ್ಲಿ ಸನ್ನೆಯಿಂದ ಅಥವಾ ಬರವಣಿಗೆಯಿಂದ ಹೇಳಿದ್ದನ್ನು ಮೌಖಿಕ ಸಾಕ್ಷ್ಯವೆಂದೇ ಪರಿಗಣಿಸಬೇಕೆಂದು ಸಾಕ್ಷ್ಯ ಕಾನೂನು ಹೇಳುತ್ತದೆ.

ಆದರೆ 173ನೇ ಸೆಕ್ಷನ್ನಿನ ಈ ರಕ್ಷಣೆಗೆ ಒಂದು ಮಿತಿಯಿದೆ. ಅತ್ಯಾಚಾರ, ಲೈಂಗಿಕ ಕಿರುಕುಳ, ಆ್ಯಸಿಡ್ ದಾಳಿಯಂತಹ ಅಪರಾಧಗಳಿಗೆ ಮಾತ್ರ ಅದು ಅನ್ವಯ. ಗಂಡ ಅಥವಾ ಆತನ ಮನೆಯವರು ಎಸಗುವ ಕ್ರೌರ್ಯಕ್ಕೆ ಶಿಕ್ಷೆ ವಿಧಿಸುವ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್ ಆ ಪಟ್ಟಿಯಲ್ಲಿಲ್ಲ. ಸಾಮಾನ್ಯ ಹಲ್ಲೆಯೂ ಇಲ್ಲ. ಅಂದರೆ, ನಮ್ಮ ವಠಾರದ ಹೆಣ್ಣುಮಗಳು ಇಂದು ಠಾಣೆಗೆ ಹೋದರೂ ಈ ಸೆಕ್ಷನ್ನಿನ ಬಲದಿಂದ ದುಭಾಷಿಯನ್ನು ಕೇಳಲಾಗದು. ಮನೆಯೊಳಗಿನ ಹಿಂಸೆಗೇ ಕಾನೂನಿನ ಈ ಬಾಗಿಲು ಮುಚ್ಚಿದೆ.

ಅಂಗವಿಕಲ ಮಹಿಳೆಯ ಸಂಕಟ ಇತರ ಮಹಿಳೆಯರ ಸಂಕಟಕ್ಕಿಂತ ಭಿನ್ನವಾಗುವುದೂ ಇಲ್ಲಿಯೇ. ಹಿಂಸಿಸುವವನೇ ಆಕೆಗೆ ಊಟ ಕೊಡುವವನಾಗಿರಬಹುದು, ಔಷಧ ತರುವವನಾಗಿರಬಹುದು, ಆಕೆಯ ಮಾತನ್ನು ಲೋಕಕ್ಕೆ ತಿಳಿಸುವವನೂ ಆಗಿರಬಹುದು. ಗಾಲಿಕುರ್ಚಿಯನ್ನು ಕೈಗೆಟುಕದಂತೆ ದೂರವಿಡುವುದು, ಶ್ರವಣಸಾಧನವನ್ನು ಕಿತ್ತಿಟ್ಟುಕೊಳ್ಳುವುದು, ಮಾಸಾಶನದ ಹಣವನ್ನು ತಾನೇ ತೆಗೆದುಕೊಳ್ಳುವುದು - ಇವು ಮೈಮೇಲೆ ಗಾಯ ಮಾಡದ ಹಿಂಸೆಗಳು. ‘ತೊಂದರೆಯಾದರೆ 181ಕ್ಕೆ ಕರೆ ಮಾಡಿ’ ಎಂಬ ಫಲಕ ಕಿವಿ ಕೇಳದವಳಿಗೆ ಎಷ್ಟರ ನೆರವು? 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ಅವರಲ್ಲಿ ಮಹಿಳೆಯರೇ ಸುಮಾರು ಆರು ಲಕ್ಷ.

ಇಂಥವರ ಸಾಕ್ಷ್ಯ ದುರ್ಬಲ ಎಂಬ ಭಾವನೆಯನ್ನು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಪಟಾನ್ ಜಮಾಲ್ ವಲಿ ಪ್ರಕರಣದಲ್ಲಿ ತಳ್ಳಿಹಾಕಿತು. ಆಂಧ್ರಪ್ರದೇಶದ ಆ ಪ್ರಕರಣದಲ್ಲಿ ಅತ್ಯಾಚಾರಕ್ಕೆ ಒಳಗಾದ ದಲಿತ ಯುವತಿಗೆ ಹುಟ್ಟಿನಿಂದಲೇ ದೃಷ್ಟಿ ಇರಲಿಲ್ಲ. ಆರೋಪಿಯನ್ನು ಆಕೆ ಗುರುತಿಸಿದ್ದು ಧ್ವನಿಯಿಂದ. ಕಣ್ಣಿದ್ದವರು ಮುಖದಿಂದ ಗುರುತಿಸುವುದಕ್ಕಿಂತ ಅದು ಕಡಿಮೆಯಲ್ಲ ಎಂದು ನ್ಯಾಯಾಲಯ ಒಪ್ಪಿ, ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ನ್ಯಾಯಾಧೀಶರಿಗೂ ಪೊಲೀಸರಿಗೂ ತರಬೇತಿ ನೀಡಬೇಕು, ದುಭಾಷಿಗಳನ್ನೂ ವಿಶೇಷ ಶಿಕ್ಷಕರನ್ನೂ ಸಜ್ಜುಗೊಳಿಸಬೇಕು, ಇಂತಹ ಅಪರಾಧಗಳ ಅಂಕಿಅಂಶಗಳನ್ನು ಪ್ರತ್ಯೇಕವಾಗಿ ಇಡಬೇಕು ಎಂದೂ ಅದು ಹೇಳಿತು. ಆದರೆ ತೀರ್ಪು ಠಾಣೆಯ ಮೇಜಿನವರೆಗೆ ತಾನಾಗಿ ನಡೆದು ಬರುವುದಿಲ್ಲ. ಅದನ್ನು ತರುವ ಹೊಣೆ ಸರ್ಕಾರದ್ದು.

ಅದಕ್ಕೆ ಹೊಸ ಕಾಯ್ದೆಯ ದಾರಿ ಕಾಯಬೇಕಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 12ನೇ ಸೆಕ್ಷನ್, ನ್ಯಾಯಾಲಯವಷ್ಟೇ ಅಲ್ಲ, ತನಿಖೆಯ ಅಧಿಕಾರವುಳ್ಳ ಎಲ್ಲ ಸಂಸ್ಥೆಗಳೂ ಅಂಗವಿಕಲರಿಗೆ ತಾರತಮ್ಯವಿಲ್ಲದೆ ಎಟುಕಬೇಕೆನ್ನುತ್ತದೆ. ಅವರು ಬಯಸುವ ಭಾಷೆಯಲ್ಲಿ, ಬಯಸುವ ವಿಧಾನದಲ್ಲಿ ಸಾಕ್ಷ್ಯ ದಾಖಲಿಸುವ ಸೌಲಭ್ಯವನ್ನು ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ. ಇದಕ್ಕೆ ಅಪರಾಧಗಳ ಪಟ್ಟಿಯ ಮಿತಿಯಿಲ್ಲ. 7ನೇ ಸೆಕ್ಷನ್ ಪ್ರಕಾರ, ದೌರ್ಜನ್ಯದ ದೂರು ಬಂದ ಕೂಡಲೇ ಕಾರ್ಯನಿರ್ವಾಹಕ ದಂಡಾಧಿಕಾರಿಯಿಂದ ರಕ್ಷಣೆ ಕೋರುವ ಹಕ್ಕು, ಉಚಿತ ಕಾನೂನು ನೆರವಿನ ಹಕ್ಕು, ನೆರವಿಗೆ ಬರಬಲ್ಲ ಸಂಸ್ಥೆಯ ವಿವರ - ಇವನ್ನು ಪೊಲೀಸರೇ ದೂರುದಾರರಿಗೆ ತಿಳಿಸಬೇಕು. ಅಂದು ನಮಗೆ ಇದಾವುದನ್ನೂ ಯಾರೂ ಹೇಳಲಿಲ್ಲ. ಕೇಳಬೇಕೆಂದು ನಮಗೂ ಗೊತ್ತಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ದೊಡ್ಡದಲ್ಲ. ಮೊದಲನೆಯದಾಗಿ, ಕೌಟುಂಬಿಕ ಹಿಂಸೆಯೂ ಸೇರಿದಂತೆ ಯಾವುದೇ ದೂರಿನಲ್ಲಿ ಅಂಗವಿಕಲ ಮಹಿಳೆಯ ಹೇಳಿಕೆಯನ್ನು ಆರೋಪಿಯ ಅಥವಾ ಆತನ ಸಂಬಂಧಿಕರ ಬಾಯಿಂದ ಪಡೆಯಕೂಡದು ಎಂದು ರಾಜ್ಯದ ಪೊಲೀಸ್ ಮಹಾನಿರ್ದೇಶಕರು ಸುತ್ತೋಲೆ ಹೊರಡಿಸಲಿ. ಎರಡನೆಯದಾಗಿ, ಸಂಜ್ಞೆ ಭಾಷೆ ಬಲ್ಲ ದುಭಾಷಿಗಳ ಮತ್ತು ವಿಶೇಷ ಶಿಕ್ಷಕರ ಪಟ್ಟಿಯೊಂದನ್ನು ಪ್ರತಿ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರ ಸಿದ್ಧಪಡಿಸಿ, ಅವರಿಗೆ ಸಂಭಾವನೆ ನೀಡಲಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇರುವ ರಾಜ್ಯದಲ್ಲಿ ಪರಿಣತರಿಗೆ ಕೊರತೆಯೆಂದರೆ ನಂಬುವುದು ಕಷ್ಟ. ದುಭಾಷಿ ಕೂಡಲೇ ಬರಲಾಗದಿದ್ದರೆ ವಿಡಿಯೊ ಕರೆಯಿದೆ. ಜಗತ್ತಿನ ಮೂಲೆಮೂಲೆಯ ಗ್ರಾಹಕರೊಂದಿಗೆ ಹಗಲಿರುಳು ಹೀಗೆಯೇ ಮಾತನಾಡುವ ವೈಟ್‌ಫೀಲ್ಡಿನ ಮಗ್ಗುಲಲ್ಲಿ ಇದನ್ನು ಅಸಾಧ್ಯವೆನ್ನುವಂತಿಲ್ಲ. ಶಾಲೆಗೆ ಹೋಗದವರು ತಮ್ಮ ಮನೆಯಲ್ಲೇ ರೂಢಿಸಿಕೊಂಡ ಸನ್ನೆಗಳನ್ನಷ್ಟೇ ಬಲ್ಲರು. ಅವರ ಹೇಳಿಕೆಗೆ ಹೆಚ್ಚು ಸಮಯ, ಹೆಚ್ಚು ತಾಳ್ಮೆ ಬೇಕು.

ಮೂರನೆಯದು, 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯ್ದೆಯ ಸಂರಕ್ಷಣಾಧಿಕಾರಿಗಳಿಗೆ ಸಂಬಂಧಿಸಿದ್ದು. ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಅಂಗನವಾಡಿಗಳ ಉಸ್ತುವಾರಿಯ ಜೊತೆಗೆ ಈ ಹೊರೆಯನ್ನೂ ಹೊರುತ್ತಿದ್ದಾರೆ. ಈ ಕೆಲಸಕ್ಕೆಂದೇ ಪೂರ್ಣಾವಧಿ ಅಧಿಕಾರಿಗಳು ಬೇಕು. ಆಶ್ರಯ ಗೃಹಗಳಿಗೆ ಇಳಿಜಾರು ದಾರಿ, ಬಳಸಲು ಯೋಗ್ಯವಾದ ಶೌಚಾಲಯ, ನೋಡಿಕೊಳ್ಳುವ ಸಿಬ್ಬಂದಿಯೂ ಬೇಕು. ಹೋಗಲು ಬೇರೊಂದು ಮನೆ ಇಲ್ಲದವಳು ದೂರು ಕೊಟ್ಟು ಮತ್ತೆ ಹೊಡೆದವನ ಮನೆಗೇ ಹಿಂತಿರುಗಬೇಕಾಗುತ್ತದೆ.

ಓದುಗರಿಗೂ ಒಂದು ಮಾತು. ಈ ಕಾಯ್ದೆಯಡಿ ಸಂರಕ್ಷಣಾಧಿಕಾರಿಗೆ ಮಾಹಿತಿ ನೀಡಲು ನೊಂದವಳೇ ಹೋಗಬೇಕೆಂದಿಲ್ಲ. ನೆರೆಯವರು ಯಾರೂ ಹೋಗಬಹುದು, ಕಣ್ಣಾರೆ ಕಂಡಿರಬೇಕೆಂಬ ನಿಯಮವೂ ಇಲ್ಲ. ‘ನೀವು ನೋಡಿದ್ದೀರಾ?’ ಎಂಬ ಪ್ರಶ್ನೆಗೆ ಅಂದು ನಾನು ತಲೆ ತಗ್ಗಿಸಿ ಹಿಂತಿರುಗಿದೆ. ಹಾಗೆ ಹಿಂತಿರುಗಬೇಕಿರಲಿಲ್ಲ ಎಂದು ಇಂದು ತಿಳಿದಿದೆ. ನಿಮ್ಮ ಬೀದಿಯಲ್ಲಿ ಅಂಥವಳೊಬ್ಬಳು ಬಂದು ನಿಂತರೆ, ನೀವಾದರೂ ಮುಚ್ಚಳಿಕೆಗೆ ತೃಪ್ತರಾಗಬೇಡಿ.