ಪಾಠ ಹೇಳುತ್ತಲೇ ಓದಿದ ಮೇಷ್ಟ್ರು

ಹತ್ತು ವರ್ಷ ಪಾಠ ಹೇಳಿ ಹೆಸರು ಮಾಡಿದ ಮೇಷ್ಟ್ರು ಮತ್ತೆ ತರಗತಿಯ ಬೆಂಚಿನಲ್ಲಿ ಕೂರುವುದು ನಮ್ಮಲ್ಲಿ ಅಪರೂಪ. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯ ಹಾಗೆ ಕೂತರು. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಓದಿ 1960ರಲ್ಲಿ ಪಿಎಚ್.ಡಿ. ಪಡೆದಾಗ ಅವರಿಗೆ ನಲವತ್ತರ ಆಸುಪಾಸು. ಪದವಿ ಸಿಕ್ಕಿದ್ದೇ ಹಳೆಯ ಕಾಲೇಜಿಗೇ ವಾಪಸಾದರು.

ಅವರ ಓದು ಮೊದಲಿನಿಂದಲೂ ಸಲೀಸಾಗಿ ಸಾಗಿದ್ದಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಈ ಬಡ ಹುಡುಗ ಹೈಸ್ಕೂಲು ಸೇರಲು 1935ರಲ್ಲಿ ಬೆಂಗಳೂರಿಗೆ ನಡೆದೇ ಬಂದಿದ್ದ. 1942ರ ಚಳವಳಿಯಲ್ಲಿ ಕಾಲೇಜು ಬಿಟ್ಟು ಜೈಲು ಸೇರಿ, ಹೊರಬಂದ ಮೇಲೆ ಓದು ಮುಗಿಸಿ, 1946ರಲ್ಲಿ ಅಧ್ಯಾಪಕರಾದರು. ಕಡಿದ ಓದನ್ನು ಮತ್ತೆ ಹಿಡಿಯಬಹುದು ಎಂಬುದು ಅವರಿಗೆ ಸ್ವಂತ ಅನುಭವ.

ಇಂದು ಶಿಕ್ಷಕರ ತರಬೇತಿ ಎಂದರೆ ಹಾಜರಿ ಪುಸ್ತಕಕ್ಕೆ ಸಹಿ, ಮಧ್ಯಾಹ್ನದ ಊಟ, ಕೊನೆಗೊಂದು ಪ್ರಮಾಣಪತ್ರ. ಎಲ್ಲ ಕಡೆಯೂ ಹೀಗೇ ಎನ್ನಲಾಗದು. ಆದರೆ ಮುಗಿದ ಮಾರನೇ ದಿನ ಅಲ್ಲಿ ಕಲಿತದ್ದೇನು ಎಂದು ಕೇಳಿದರೆ ತಡವರಿಸುವವರೇ ಹೆಚ್ಚು.

ನರಸಿಂಹಯ್ಯ ಹಿಡಿದದ್ದು ಬೇರೆ ದಾರಿ. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ವಾರಕ್ಕೊಂದು ವಿಜ್ಞಾನ ಉಪನ್ಯಾಸ ಏರ್ಪಡಿಸತೊಡಗಿತು. ಪ್ರವೇಶ ಪರೀಕ್ಷೆಯಿಲ್ಲ, ಅಂಕಪಟ್ಟಿಯೂ ಇಲ್ಲ. ಪಿಯುಸಿ ಹುಡುಗನ ಪಕ್ಕದಲ್ಲೇ ಪಿಂಚಣಿದಾರರೊಬ್ಬರು ಕೂತು ಕೇಳಬಹುದು. ವಯಸ್ಕರ ಕಲಿಕೆಗೆ ಬೇಕಾದದ್ದು ಇಂಥ ಜಾಗವೇ ಹೊರತು ಇನ್ನೊಂದು ಕೋರ್ಸಲ್ಲ. ಕೋರ್ಸು ಮುಗಿಯುತ್ತದೆ, ಬರುವ ವಾರ ಮಾತ್ರ ಬಂದೇ ಬರುತ್ತದೆ.

ಉಪನ್ಯಾಸ ಕೇಳಿ ತಲೆಯಾಡಿಸಿ ಎದ್ದು ಹೋದರೆ ಸಾಲದೆಂಬುದು ಅವರಿಗೆ ಗೊತ್ತಿತ್ತು. ಒಪ್ಪುವ ಮೊದಲು ಪ್ರಶ್ನಿಸಿ ಎನ್ನುವುದೇ ಅವರ ಪಾಠದ ಜೀವಾಳ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದರು. ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದು, ಪರೀಕ್ಷೆಗೆ ಒಪ್ಪುವಿರಾ ಎಂದು ಕೇಳಿದರು. ಉತ್ತರ ಬರಲಿಲ್ಲ, ವಿವಾದ ಮಾತ್ರ ಭರ್ಜರಿಯಾಗಿಯೇ ಬಂತು. ಕುಲಪತಿಗಳಿಗೆ ಈ ಉಸಾಬರಿ ಏಕೆ ಎಂದವರಿದ್ದರು. ತರಗತಿಯಲ್ಲಿ ಪ್ರಶ್ನೆ ಕೇಳಿ ಎಂದು ಹೇಳಿ, ಬೀದಿಗೆ ಬಂದಾಗ ಸುಮ್ಮನಾಗುವ ಮೇಷ್ಟ್ರನ್ನು ಮಕ್ಕಳು ನಂಬುವುದಾದರೂ ಹೇಗೆ?

ಅವರು ಗೌರಿಬಿದನೂರು, ಬಾಗೇಪಲ್ಲಿಯಲ್ಲೂ ಕಾಲೇಜು ತೆರೆಯಲು ದುಡಿದರು. ಇಂದು ತಾಲ್ಲೂಕು ಕೇಂದ್ರಗಳಲ್ಲಿ ಪದವಿ ಕಾಲೇಜುಗಳೇನೋ ಇವೆ, ಸಂಜೆಯಾದರೆ ಅವಕ್ಕೆ ಬೀಗ. ವಾರಕ್ಕೊಂದು ಸಂಜೆ ಅಲ್ಲಿನ ಸಭಾಂಗಣವನ್ನು ಊರವರಿಗೆ ಬಿಟ್ಟುಕೊಡಬಹುದು. ರೈತ ಮಣ್ಣಿನ ಬಗ್ಗೆ ಕೇಳಲಿ, ದರ್ಜಿ ಮೊಬೈಲ್ ಸಾಲದ ಮೋಸದ ಬಗ್ಗೆ ಕೇಳಲಿ. ಇಲಾಖೆ ಇದಕ್ಕೊಂದು ಸುತ್ತೋಲೆ ಹೊರಡಿಸಬಹುದು; ಹಾಜರಿ ಕಡ್ಡಾಯ ಎಂದು ಅದರಲ್ಲಿ ಸೇರಿಸದಿದ್ದರಾಯಿತು.