ಒಂದು ತಾಸು ಹಾಡು ಬಂದ್ ಮಾಡ್ರಿ!

ಬೈರಿದೇವರಕೊಪ್ಪದ ಮಂದಿ ಈಗ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಯ ದೊಡ್ಡ ಸೂಪರ್ ಮಾರ್ಕೆಟ್‌ಗೆ ಸಂತಿಗೆ ಹೋಗುತ್ತಾರೆ. ಸೂಪರ್ ಮಾರ್ಕೆಟ್ ಅಂದರೆ ಧಾರವಾಡದ ಕಾಯಿಪಲ್ಲೆ ಮಾರುಕಟ್ಟೆಯಲ್ಲ. ಗಾಜಿನ ಬಾಗಿಲು, ತಂಪು ಗಾಳಿ, ಗಾಡಿ ತಳ್ಳಿಕೊಂಡು ಸಾಮಾನು ಆರಿಸುವ ಅಂಗಡಿ. ಹೋದವರಿಗೆಲ್ಲ ಖುಷಿ. ಆದರೆ ಆಟಿಸಂ ಇರುವ ಮಗುವಿಗೆ?

ಕಣ್ಣು ಕುಕ್ಕುವ ಲೈಟು, ಸಿನಿಮಾ ಹಾಡು, ಮೈಕಿನ ಕೂಗು, ಬಿಲ್ಲಿನ ಯಂತ್ರದ ಪೀಂ ಪೀಂ. ಬೇರೆಯವರು ಬೇಡವಾದ ಸದ್ದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಈ ಮಕ್ಕಳಲ್ಲಿ ಅನೇಕರಿಗೆ ಅದು ಸಾಧ್ಯವಿಲ್ಲ. ಎಲ್ಲ ಒಮ್ಮೆಲೇ ತಲೆಗೆ ನುಗ್ಗುತ್ತದೆ. ಮಗು ಕಿವಿ ಮುಚ್ಚಿಕೊಂಡು ಚೀರುತ್ತದೆ. ಕ್ಯೂದಲ್ಲಿ ನಿಂತವರು, ‘ಏನ್ರೀ ಅಕ್ಕಾರ, ಹುಡುಗಗ ಶಿಸ್ತು ಕಲಿಸಿಲ್ಲೇನು?’ ಅಂತಾರೆ. ತಾಯಿ ತುಂಬಿದ ಗಾಡಿ ಅಲ್ಲೇ ಬಿಟ್ಟು ಹೊರಬೀಳುತ್ತಾಳೆ. ಗಿರಾಕಿಯೂ ಹೋಯ್ತು, ವ್ಯಾಪಾರವೂ ಹೋಯ್ತು! ದೊಡ್ಡವರಲ್ಲೂ ಇಂಥವರಿದ್ದಾರೆ. ಅವರು ಚೀರುವುದಿಲ್ಲ, ಸುಮ್ಮನೆ ಬರುವುದನ್ನೇ ಬಿಡುತ್ತಾರೆ.

ಇದಕ್ಕೆ ಮದ್ದು ದುಬಾರಿಯಲ್ಲ. ಆಸ್ಟ್ರೇಲಿಯಾದ ಕೋಲ್ಸ್ ಅಂಗಡಿಗಳು 2017ರಲ್ಲಿ, ಬ್ರಿಟನ್ನಿನ ಮಾರಿಸನ್ಸ್ 2018ರಲ್ಲಿ ವಾರಕ್ಕೊಮ್ಮೆ ‘ಶಾಂತ ತಾಸು’ ಶುರು ಮಾಡಿದವು. ಆ ಹೊತ್ತಿನಲ್ಲಿ ಲೈಟು ಮಂದ, ಹಾಡು ಬಂದ್, ಯಂತ್ರದ ಸದ್ದು ಸಣ್ಣದು. ಖರ್ಚೆಷ್ಟು? ಸ್ವಿಚ್ ಒತ್ತುವಷ್ಟು!

ಮುಂದೇನು ಎಂದು ತಿಳಿದರೆ ಇವರ ಅರ್ಧ ಗಾಬರಿ ಇಳಿಯುತ್ತದೆ. ಚಿಗರಿಯಲ್ಲಿ ಮುಂದಿನ ಸ್ಟಾಪ್ ಮೊದಲೇ ಗೊತ್ತಾಗುವುದಿಲ್ಲವೇ? ಹಾಗೆಯೇ ಬ್ಯಾಳಿ ಎಲ್ಲಿ, ಸಾಬೂನು ಎಲ್ಲಿ ಎಂದು ಬಾಗಿಲಲ್ಲೇ ಚಿತ್ರದ ಬೋರ್ಡು ಇರಲಿ. ಪದೇ ಪದೇ ಸಾಮಾನಿನ ಜಾಗ ಬದಲಿಸುವ ಚಟ ನಿಲ್ಲಲಿ. ಕಾಯಲಾಗದವರಿಗೆ ಒಂದು ಕೌಂಟರ್ ಇರಲಿ.

ಓಣಿಯ ಕಿರಾಣಿ ಅಂಗಡಿಯವರಿಗೆ ಈ ವಿದ್ಯೆ ಹಳೆಯದು. ಹುಡುಗ ಮಾತಾಡದಿದ್ದರೂ ಚೀಟಿ ನೋಡಿ ಸಾಮಾನು ಕಟ್ಟಿಕೊಡುತ್ತಾರೆ. ಮುಖ ಪರಿಚಯವಿದೆ, ಗದ್ದಲವಿಲ್ಲ. ದೊಡ್ಡ ಅಂಗಡಿಯವರು ಇಲ್ಲಿ ಬಂದು ಕಲಿಯಲಿ.

ಇದು ದಾನ ಧರ್ಮದ ಮಾತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ; ಸುಗಮ ಸೇವೆ ಕೊಡುವ ಹೊಣೆ ಖಾಸಗಿಯವರಿಗೂ ಇದೆ. ಅದಕ್ಕೆ ಕಡ್ಡಾಯ ನಿಯಮ ಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಹೇಳಿದೆ. ಧಾರವಾಡದಲ್ಲೇ ಡಿಮ್ಹಾನ್ಸ್ ಇದೆ. ಅಂಗಡಿಯ ಹುಡುಗರಿಗೆ ತಿಳಿವಳಿಕೆ ಕೊಡಿಸಿ ಎಂದು ಮಾಲೀಕರು ಅಲ್ಲಿ ಕೇಳಬಹುದಲ್ಲ?

ವಾರದಲ್ಲಿ ಗಿರಾಕಿ ಕಡಿಮೆ ಇರುವ ಮುಂಜಾನೆ ಯಾವುದೆಂದು ಮಾಲೀಕರಿಗೆ ಗೊತ್ತೇ ಇದೆ. ಅವತ್ತು ಒಂದೇ ಒಂದು ತಾಸು ಹಾಡು ನಿಲ್ಲಲಿ. ಮೊದಲು ಬೋರ್ಡು ಹಾಕುವ ಅಂಗಡಿ ಯಾವುದು, ನೋಡೋಣ!